ಎರಡನೇ ಸಿಂತ್ ಆಮೇಲೆ, ಕೇಬಲ್ ಮೊದಲು

ನನ್ನ ಮೇಜು 4 ಅಡಿ ಉದ್ದ, 2 ಅಡಿ ಅಗಲ. ಅದರ ಮೇಲೆ ಒಂದು ಕೀಬೋರ್ಡ್ ಸಿಂತ್ (ಸಿಂಥಸೈಜರ್, ಅಂದರೆ ಕರೆಂಟಿನಿಂದ ಸದ್ದು ಹುಟ್ಟಿಸುವ ವಾದ್ಯ), ಅಂಗೈಗಿಂತ ಸ್ವಲ್ಪ ದೊಡ್ಡದಾದ, ತಗ್ಗು ಸ್ವರಗಳ ಒಂದು ಬೇಸ್ ಸಿಂತ್, ಒಂದು ಡ್ರಮ್ ಮಷಿನ್, ಎಲ್ಲದರ ಸದ್ದನ್ನು ಬೆರೆಸುವ ಒಂದು ಮಿಕ್ಸರ್, ಸದ್ದನ್ನು ತಡ ಮಾಡಿ ಮರುದನಿಸುವ ಒಂದು ಡಿಲೇ ಪೆಡಲ್ ಇವೆ. ಮಗಳು ಮಲಗಿದ ಮೇಲೆ ಒಂದು ಗಂಟೆ ಅಲ್ಲಿ ಕೂರುತ್ತೇನೆ. ಆ ಒಂದು ಗಂಟೆ ನನಗೆ ತುಂಬಾ ಮುಖ್ಯ. ಅದರಲ್ಲಿ ಅರ್ಧ ಗಂಟೆ ಕೇಬಲ್ ಹುಡುಕುವುದರಲ್ಲೇ ಹೋದರೆ ಹೊಟ್ಟೆ ಉರಿಯುತ್ತದೆ.

ಮೊದಲ ಸಿಂತ್ ಕೊಂಡು ಎರಡು ಮೂರು ತಿಂಗಳಾದವರು ಯಾವಾಗಲೂ ಕೇಳುವ ಪ್ರಶ್ನೆ, ಮುಂದೆ ಏನು ತಗೊಳ್ಳಲಿ ಅಂತ. ಅವರ ಕಣ್ಣು ಆಗಲೇ ಇನ್ನೊಂದು ಸಿಂತ್ ಮೇಲಿರುತ್ತದೆ. ನಾನು ಕೇಳುವುದು ಬೇರೆ: ಮೊನ್ನೆ ನುಡಿಸುತ್ತಿದ್ದಾಗ ಎಲ್ಲಿ ತಡೆಯಾಯಿತು? ಒಬ್ಬರು ಹೇಳುತ್ತಾರೆ, ಒಳ್ಳೆ ಲೈನ್ (ಸ್ವರಗಳ ಸಾಲು) ಬಂತು, ಮಾರನೇ ದಿನ ಮರೆತುಹೋಯಿತು ಅಂತ. ಅವರಿಗೆ ಬೇಕಾಗಿರುವುದು ರೆಕಾರ್ಡರ್. ಇನ್ನೊಬ್ಬರಿಗೆ ಡ್ರಮ್ ಒಂದು ವೇಗದಲ್ಲಿ, ಬೇಸ್ ಇನ್ನೊಂದು ವೇಗದಲ್ಲಿ ಓಡುತ್ತಿರುತ್ತದೆ. ಅವರಿಗೆ ಬೇಕಾಗಿರುವುದು ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಒಂದು ಮಿಡಿ ಕೇಬಲ್ ಅಷ್ಟೇ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಲದು, ಬರೆದಿಡಬೇಕು. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ನುಡಿಸುವಾಗ ಏನು ಅಡ್ಡ ಬಂತೋ ಒಂದೇ ಸಾಲಿನಲ್ಲಿ ಬರೆಯಿರಿ. ಒಂದೇ ದೂರು ಮೂರು ಸಲ ಬಂದರೆ ಆಗ ಅದಕ್ಕೆ ಸಾಮಾನು ಹುಡುಕಿ.

ಹುಡುಕುವ ಮುಂಚೆ ಇನ್ನೊಂದು ಕೆಲಸ. ನಿಮ್ಮ ಹತ್ತಿರ ಇರುವ ಪ್ರತಿ ಯಂತ್ರವನ್ನೂ ತಿರುಗಿಸಿ, ಹಿಂದೆ ಇರುವ ಸಾಕೆಟ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸದ್ದು ಹೋಗುವ ದಾರಿಗೆ ಒಂದು ಬಣ್ಣ, ಮಿಡಿಗೆ ಒಂದು, ಕರೆಂಟಿಗೆ ಒಂದು. ತಗೊಳ್ಳಬೇಕು ಅಂದುಕೊಂಡ ಸಾಮಾನನ್ನೂ ಅದೇ ಹಾಳೆಯಲ್ಲಿ ಸೇರಿಸಿ, ಗೆರೆ ಎಳೆದು ನೋಡಿ. ಎಲ್ಲಿಯಾದರೂ ಗೆರೆ ಮುಟ್ಟದೇ ಉಳಿದರೆ ಅಲ್ಲಿ ಇನ್ನೊಂದು ಕೇಬಲ್ಲೋ ಪೆಟ್ಟಿಗೆಯೋ ಬೇಕಾಗುತ್ತದೆ ಅಂತ ಅರ್ಥ. ನಾನು ಇದನ್ನು ಕಲಿತದ್ದು ತಡವಾಗಿ.

ಮಿಡಿಯಿಂದ ಶುರು ಮಾಡೋಣ, ಯಾಕೆಂದರೆ ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಮಿಡಿ ಕೇಬಲ್ಲಿನಲ್ಲಿ ಸದ್ದು ಹೋಗುವುದಿಲ್ಲ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ, ಇಂಥ ಸಂದೇಶ ಮಾತ್ರ ಹೋಗುತ್ತದೆ. 1983ರಲ್ಲಿ ಬಂದ ಪದ್ಧತಿ ಇದು. ಆಗಿನ ಯಂತ್ರವನ್ನು ಇವತ್ತಿನ ಯಂತ್ರಕ್ಕೆ ಜೋಡಿಸಿದರೂ ಮಾತಾಡಿಕೊಳ್ಳುತ್ತವೆ, ನನಗೆ ಈಗಲೂ ಅದು ಖುಷಿ ಕೊಡುವ ವಿಷಯ. ಒಂದು ಕೇಬಲ್ಲಿನಲ್ಲಿ 16 ಚಾನೆಲ್. ಬೇಸ್ ಸಿಂತ್‌ಗೆ 1, ಕೀಬೋರ್ಡಿಗೆ 2, ಡ್ರಮ್ಮಿಗೆ 10 ಅಂತ ಹಂಚಿ, ಆ ಸಂಖ್ಯೆಯನ್ನು ಯಂತ್ರದ ಮೇಲೆ ಚೀಟಿ ಬರೆದು ಅಂಟಿಸಿಬಿಡಿ.

ಸಾಕೆಟ್ ಮೂರು ಥರ: ಇನ್, ಔಟ್, ಥ್ರೂ. ಇನ್‌ಗೆ ಬಂದದ್ದನ್ನು ಹಾಗೇ ಮುಂದಕ್ಕೆ ಕಳಿಸುವುದು ಥ್ರೂ. ಎಲ್ಲ ಯಂತ್ರಗಳಲ್ಲೂ ಮೂರೂ ಇರುವುದಿಲ್ಲ. ಕೋರ್ಗ್ ಕಂಪನಿಯ ವೋಲ್ಕಾ ಕೀಸ್, ವೋಲ್ಕಾ ಬೇಸ್‌ಗಳಲ್ಲಿ ಮಿಡಿ ಇನ್ ಮಾತ್ರ ಇದೆ, ಔಟ್ ಇಲ್ಲ. ಅಂದರೆ ಅವು ಕೇಳುತ್ತವೆ, ಇನ್ನೊಂದಕ್ಕೆ ಮಿಡಿಯಲ್ಲಿ ಹೇಳುವುದಿಲ್ಲ. ಅವಕ್ಕೆ ಸಿಂಕ್ ಅಂತ ಬೇರೆ ಪುಟ್ಟ ಸಾಕೆಟ್ ಇದೆ. ಅದರಲ್ಲಿ ಹೋಗುವುದು ವೇಗ ಹೇಳುವ ಪಲ್ಸ್ ಮಾತ್ರ, ಒಂದು ಬೀಟಿಗೆ 2. ಮಿಡಿ ಕೇಬಲ್ಲಿನಲ್ಲಿ ವೇಗ ಹೇಳುವ ಮಿಡಿ ಕ್ಲಾಕ್ ಆದರೆ ಒಂದು ಬೀಟಿಗೆ 24 ಸಲ ಟಿಕ್ ಅನ್ನುತ್ತದೆ. ಸಿಂಕ್ ಸಾಕೆಟ್‌ನಲ್ಲಿ ಎಲ್ಲರ ಲೆಕ್ಕವೂ ಒಂದೇ ಅಲ್ಲ. ಡ್ರಮ್ ಹುಚ್ಚು ವೇಗದಲ್ಲಿ ಓಡಿದರೆ, ಅಥವಾ ತೆವಳಿದರೆ, ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ಸೆಟ್ಟಿಂಗ್‌ನಲ್ಲಿ ಪಲ್ಸ್ ಸಂಖ್ಯೆ ನೋಡಿ.

ಇನ್ನೊಂದು ಗೊಂದಲ, 5 ಪಿನ್ನಿನ ದೊಡ್ಡ ಸಾಕೆಟ್ ಬದಲು 3.5 ಮಿಮೀ ಪುಟ್ಟ ಸಾಕೆಟ್‌ನಲ್ಲಿ ಮಿಡಿ ಕೊಡುವುದು. ಇದರಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ಬಗೆಯ ಜೋಡಣೆ ಇವೆ. 2018ರಲ್ಲಿ ಎ ಬಗೆಯನ್ನು ಅಧಿಕೃತ ಮಾಡಿದರು. ಅದಕ್ಕೂ ಮುಂಚೆ ಬಂದ ಎಷ್ಟೋ ಯಂತ್ರಗಳು ಬಿ. ನೋಡೋಕೆ ಎರಡೂ ಒಂದೇ ಥರ, ತಪ್ಪಾದದ್ದು ಹಾಕಿದರೆ ಸುಮ್ನೆ ಏನೂ ಆಗುವುದಿಲ್ಲ. ಕೈಪಿಡಿಯಲ್ಲಿ ಯಾವ ಟೈಪ್ ಅಂತ ನೋಡಿಯೇ ಅಡಾಪ್ಟರ್ ಕೇಬಲ್ ಕೊಳ್ಳಿ.

ನಿಮ್ಮ ಸಿಂತ್‌ಗೆ ಸರಿಯಾದ ಕೀಗಳಿಲ್ಲದಿದ್ದರೆ ನಾನು ಹೇಳುವ ಮೊದಲ ದೊಡ್ಡ ಖರೀದಿ, ಸೀಕ್ವೆನ್ಸರ್ (ಸ್ವರಗಳ ಸಾಲನ್ನು ನೆನಪಿಟ್ಟು ತಾನೇ ನುಡಿಸುವ ಏರ್ಪಾಡು) ಇರುವ ಕೀಬೋರ್ಡ್. ಆರ್ಟೂರಿಯಾ ಕಂಪನಿಯ ಕೀಸ್ಟೆಪ್ ಇದಕ್ಕೆ ಒಳ್ಳೆ ಉದಾಹರಣೆ. 32 ಸಣ್ಣ ಕೀಗಳು, 64 ಹೆಜ್ಜೆಯವರೆಗಿನ ಸೀಕ್ವೆನ್ಸರ್, ಒತ್ತಿಹಿಡಿದ ಸ್ವರಗಳನ್ನು ಒಂದೊಂದಾಗಿ ನುಡಿಸುವ ಆರ್ಪೆಜಿಯೇಟರ್, ಮಿಡಿ, ಸಿಂಕ್, ಜೊತೆಗೆ ಹಳೆಯ ಅನಲಾಗ್ ಸಿಂತ್‌ಗಳಿಗೆ ಬೇಕಾಗುವ ವೋಲ್ಟೇಜ್ ಔಟ್ ಕೂಡ ಇದೆ. ಕಂಪ್ಯೂಟರ್‌ಗೆ ಮಾತ್ರ ಅಂತ ಮಾಡಿದ, ಯುಎಸ್‌ಬಿ ಬಿಟ್ಟು ಬೇರೆ ಸಾಕೆಟ್ ಇಲ್ಲದ ಕೀಬೋರ್ಡ್ ತಂದರೆ ಹಾರ್ಡ್‌ವೇರ್ ಸಿಂತ್‌ಗೆ ನೇರವಾಗಿ ಜೋಡಿಸೋಕೆ ಆಗುವುದಿಲ್ಲ, ನಡುವೆ ಯುಎಸ್‌ಬಿ ಹೋಸ್ಟ್ ಪೆಟ್ಟಿಗೆ (ಕಂಪ್ಯೂಟರಿನ ಜಾಗದಲ್ಲಿ ನಿಲ್ಲುವುದು) ಬೇಕು. ಆ ಹಾಳೆಯಲ್ಲಿ ಗೆರೆ ಎಳೆದಿದ್ದರೆ ಇದು ಮೊದಲೇ ಗೊತ್ತಾಗುತ್ತದೆ.

ಈಗ ಸದ್ದಿನ ಕೇಬಲ್. ನನ್ನ ಬೇಸ್ ಸಿಂತ್‌ನಲ್ಲಿ ಸದ್ದು ಹೊರಬರುವುದು ಹೆಡ್‌ಫೋನ್ ಸಾಕೆಟ್‌ನಿಂದ ಮಾತ್ರ. ಮಿಕ್ಸರ್ ತಂದ ದಿನ ಒಂದು ಕಡೆ 3.5 ಮಿಮೀ, ಇನ್ನೊಂದು ಕಡೆ 6.35 ಮಿಮೀ ಪ್ಲಗ್ ಇರುವ ಸ್ಟೀರಿಯೋ ಕೇಬಲ್ ಹಾಕಿದೆ. ಬೇಸ್ ಮಾಯ. ಎಲ್ಲೋ ದೂರದಲ್ಲಿ ಸೊಳ್ಳೆ ಹಾಡಿದ ಹಾಗೆ ತೆಳ್ಳಗೆ ಕೇಳುತ್ತಿತ್ತು. ಹೆಡ್‌ಫೋನನ್ನು ನೇರವಾಗಿ ಸಿಂತ್‌ಗೆ ಚುಚ್ಚಿದರೆ ಗಟ್ಟಿಯಾಗಿ, ಸರಿಯಾಗಿ ಇದೆ. ಇಡೀ ಸಂಜೆ ಹೋಯಿತು. ಕೊನೆಗೆ ಬೇಸತ್ತು ಪ್ಲಗ್ ಕಿತ್ತುಹಾಕಲು ಎಳೆದೆ. ಅದು ಅರ್ಧ ಹೊರಗೆ ಬಂದಾಗ ಬೇಸ್ ಧಡ್ ಅಂತ ಪೂರ್ತಿ ಬಂತು!

ಆಮೇಲೆ ಅರ್ಥವಾಯಿತು. ಮಿಕ್ಸರಿನ ಆ ಸಾಕೆಟ್ ಬ್ಯಾಲೆನ್ಸ್ಡ್. ಅದು ಕೇಬಲ್ಲಿನ ಎರಡು ತಂತಿಗಳಲ್ಲಿ ಬರುವುದರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹಾದಿಯಲ್ಲಿ ಸೇರಿಕೊಂಡ ಗದ್ದಲ ಎರಡೂ ತಂತಿಗಳಲ್ಲಿ ಒಂದೇ ಥರ ಇರುವುದರಿಂದ ಕಳೆದುಹೋಗಲಿ ಅಂತ ಆ ಏರ್ಪಾಡು. ನನ್ನ ಸಿಂತ್ ಮೋನೋ, ಎಡಕ್ಕೂ ಬಲಕ್ಕೂ ಅದೇ ಸದ್ದನ್ನು ಕಳಿಸುತ್ತದೆ. ಮಿಕ್ಸರ್ ಒಂದರಿಂದ ಒಂದನ್ನು ಕಳೆಯಿತು, ಉಳಿದದ್ದು ಸೊನ್ನೆ. ಪರಿಹಾರ ಸರಳ: ಒಂದು ಸ್ಟೀರಿಯೋ ಪುಟ್ಟ ಪ್ಲಗ್‌ನಿಂದ ಎರಡು ಮೋನೋ ದೊಡ್ಡ ಪ್ಲಗ್‌ಗೆ ಸೀಳುವ ಕೇಬಲ್. ಕೇಬಲ್ ಕೊಳ್ಳುವಾಗ ಪ್ಲಗ್ಗಿನ ಮೇಲಿನ ಕಪ್ಪು ಪಟ್ಟಿ ಎಣಿಸಿ. ಒಂದು ಪಟ್ಟಿ ಇದ್ದರೆ ಮೋನೋ, ಎರಡಿದ್ದರೆ ಸ್ಟೀರಿಯೋ ಅಥವಾ ಬ್ಯಾಲೆನ್ಸ್ಡ್.

ಮಿಕ್ಸರ್ ಆರಿಸುವಾಗ ಪೆಟ್ಟಿಗೆ ಮೇಲಿನ ಸಂಖ್ಯೆ ನಂಬಬೇಡಿ. 8 ಚಾನೆಲ್ ಅಂದರೆ ಎಷ್ಟೋ ಸಲ 2 ಮೋನೋ, 3 ಸ್ಟೀರಿಯೋ ಜೋಡಿ. ಅಂದರೆ ನಿಮ್ಮ ಕೈಗೆ ಸಿಗುವ ವಾಲ್ಯೂಮ್ ನಾಬ್ 5 ಮಾತ್ರ. ಈಗಿರುವ ಯಂತ್ರಗಳನ್ನು ಎಣಿಸಿ, ಎರಡು ಜಾಸ್ತಿ ಇಟ್ಟುಕೊಳ್ಳಿ. ಆಕ್ಸ್ ಸೆಂಡ್, ಅಂದರೆ ಪ್ರತಿ ಚಾನೆಲ್ಲಿನ ಸದ್ದಿನಲ್ಲಿ ಸ್ವಲ್ಪವನ್ನು ಹೊರಗಿನ ಪೆಡಲ್ಲಿಗೆ ಕಳಿಸುವ ದಾರಿ, ಒಂದಾದರೂ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಅದು ಇದ್ದರೆ ಒಂದೇ ಡಿಲೇ ಪೆಡಲ್ಲನ್ನು ಎಲ್ಲ ಯಂತ್ರಗಳೂ ಹಂಚಿಕೊಳ್ಳಬಹುದು, ಯಾವುದಕ್ಕೆ ಎಷ್ಟು ಅಂತ ನೀವೇ ತೀರ್ಮಾನಿಸಬಹುದು. ಯುಎಸ್‌ಬಿ ಇದೆ ಅಂತ ಬರೆದಿದ್ದರೆ ಕೂಡಲೇ ಖುಷಿಪಡಬೇಡಿ. ಸಣ್ಣ ಮಿಕ್ಸರ್‌ಗಳಲ್ಲಿ ಹೆಚ್ಚಿನವು ಎಲ್ಲ ಬೆರೆತ ಎರಡು ಟ್ರ್ಯಾಕ್ ಮಾತ್ರ ಕಂಪ್ಯೂಟರಿಗೆ ಕಳಿಸುತ್ತವೆ. ಡ್ರಮ್ ಬೇರೆ, ಬೇಸ್ ಬೇರೆ ಬೇಕಾದರೆ ಅಷ್ಟು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ನೋಡಿ.

ಕರೆಂಟಿನ ಅಡಾಪ್ಟರ್ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ವೋಲ್ಟೇಜ್ ಒಂದೇ ಇರಬೇಕು. ಆಂಪಿಯರ್ ಯಂತ್ರ ಕೇಳಿದಷ್ಟು ಇರಬೇಕು, ಜಾಸ್ತಿ ಇದ್ದರೆ ತೊಂದರೆ ಇಲ್ಲ. ಆಮೇಲೆ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ನೋಡಬೇಕು. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್, ನಡುವೆ ಮೈನಸ್. ವೋಲ್ಕಾಗಳೂ 9 ವೋಲ್ಟೇ, ಆದರೆ ನಡುವೆ ಪ್ಲಸ್. ನಾನು ಪ್ರತಿ ಅಡಾಪ್ಟರಿಗೂ ಎರಡು ಕಡೆ, ಗೋಡೆಯ ಕಡೆ ಮತ್ತು ಪಿನ್ನಿನ ಕಡೆ, ಯಂತ್ರದ ಹೆಸರು ಬರೆದ ಟೇಪ್ ಸುತ್ತಿದ್ದೇನೆ.

ಎಲ್ಲ ಜೋಡಿಸಿದ ಮೇಲೆ ಗುಂಯ್ ಅಂತ ಸದ್ದು ಬಂದರೆ ಒಂದೊಂದೇ ಕೇಬಲ್ ಕೀಳುತ್ತಾ ಬನ್ನಿ. ಯುಎಸ್‌ಬಿ ಕಿತ್ತ ಕೂಡಲೇ ನಿಂತರೆ ಕಳ್ಳ ಸಿಕ್ಕ ಹಾಗೆ: ಸಿಂತ್ ಮತ್ತು ಕಂಪ್ಯೂಟರ್ ನಡುವೆ ಗ್ರೌಂಡ್ ಲೂಪ್, ಅಂದರೆ ಅರ್ಥಿಂಗ್ ತಂತಿಗಳು ಸೇರಿ ಆದ ಸುತ್ತು. ಅಂಥ ಕಡೆ ಯುಎಸ್‌ಬಿ ಬಿಟ್ಟು 5 ಪಿನ್ ಮಿಡಿ ಬಳಸಿ. ಅದರ ಇನ್ ಸಾಕೆಟ್ ಒಳಗೆ ಸಂದೇಶ ಬೆಳಕಿನ ಮೂಲಕ ದಾಟುತ್ತದೆ, ಹಾಗಾಗಿ ಎರಡು ಯಂತ್ರಗಳ ಕರೆಂಟು ಒಂದಕ್ಕೊಂದು ಮುಟ್ಟುವುದಿಲ್ಲ. ಎಲ್ಲ ಅಡಾಪ್ಟರುಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದೂ ನೆರವಾಗುತ್ತದೆ. ಆ ಗುಂಯ್ ಸದ್ದು ನಿಲ್ಲಲಿ ಅಂತ ಅರ್ಥಿಂಗ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ. ಅದು ಜೀವಕ್ಕೆ ಅಪಾಯ.

ಎಫೆಕ್ಟ್ ಒಂದೇ ತಗೊಳ್ಳೋದಾದರೆ ನನ್ನ ಆಯ್ಕೆ ಡಿಲೇ. ತುಂಬಾ ಜನ ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳುವಂಥ ಗುಂಜನ) ಅನ್ನುತ್ತಾರೆ. ರಿವರ್ಬ್ ಸದ್ದಿಗೆ ಜಾಗ ಕೊಡುತ್ತದೆ, ನಿಜ. ಆದರೆ ಡಿಲೇ ನಿಮ್ಮ ಜೊತೆ ನುಡಿಸುತ್ತದೆ. ನಾಲ್ಕು ಸ್ವರದ ಲೈನ್ ಹಾಕಿ, ಮುಕ್ಕಾಲು ಬೀಟ್ ತಡ ಮಾಡಿ ಬಿಟ್ಟರೆ ಎಂಟು ಸ್ವರದ ಹೆಣಿಗೆ ಕೇಳುತ್ತದೆ. ಮರುದನಿಯ ಸಂಖ್ಯೆ ಕಡಿಮೆ ಇಡಿ, ಎರಡು ಮೂರು ಸಾಕು. ವೇಗವನ್ನು ಬೆರಳಲ್ಲಿ ತಟ್ಟಿ ಹೇಳುವ ಟ್ಯಾಪ್ ಬಟನ್ ಇರಲಿ, ಮಿಡಿ ಕ್ಲಾಕ್ ಇದ್ದರೆ ಇನ್ನೂ ಒಳ್ಳೆಯದು. ಗಿಟಾರಿಗೆ ಮಾಡಿದ ಪೆಡಲ್ ಆದರೆ ಸಿಂತ್‌ನ ಸದ್ದು ಅದಕ್ಕೆ ಜೋರಾಗಬಹುದು. ಕಮ್ಮಿಯಿಂದ ಶುರು ಮಾಡಿ, ಒಡೆದ ಸದ್ದು ಬಂದ ಕಡೆ ಹಿಂದಕ್ಕೆ ಬನ್ನಿ. ಆಕ್ಸ್ ಸೆಂಡ್‌ನಲ್ಲಿ ಹಾಕಿದ್ದರೆ ಪೆಡಲ್ಲಿನ ಮಿಕ್ಸ್ ನಾಬ್ ಪೂರ್ತಿ ವೆಟ್ ಕಡೆ, ಅಂದರೆ ಮರುದನಿ ಮಾತ್ರ ಬರುವ ಕಡೆ, ತಿರುಗಿಸಬೇಕು.

ಹೆಡ್‌ಫೋನ್ ಹಿಂಬದಿ ಮುಚ್ಚಿದ, ಸದ್ದು ಹೊರಗೆ ಸೋರದ ಬಗೆಯದೇ ಇರಲಿ, ರಾತ್ರಿ ನುಡಿಸುವವರಿಗೆ ಬೇರೆ ದಾರಿಯಿಲ್ಲ. ರೆಕಾರ್ಡರ್ ಲೈನ್ ಇನ್ (ಮಿಕ್ಸರಿನ ಕೇಬಲ್ ಚುಚ್ಚುವ ಸಾಕೆಟ್) ಇರುವ ಪುಟ್ಟದ್ದು ಯಾವುದಾದರೂ ಆದೀತು. ಜೋರಾದ ಕಡೆ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಬರುವ ಹಾಗೆ ಇಟ್ಟು, ಕೂತ ಕೂಡಲೇ ಒತ್ತಿಬಿಡಿ. ಬಿಡಿ ಬಿಡಿ ಭಾಗಗಳನ್ನು ತಂದು ಜೋಡಿಸುವ ಮಾಡ್ಯುಲರ್ ಸಿಂತ್ ಮಾತ್ರ ಈಗ ಬೇಡ. ಅದು ಚೆಂದವೇ, ಆದರೆ ಅದರ ಜಗತ್ತೇ ಬೇರೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನಿಮ್ಮದೇ ಹೆಡ್‌ಫೋನ್, ನಿಮ್ಮದೇ ಮಿಡಿ ಕೇಬಲ್ ತಗೊಂಡು ಹೋಗಿ. ಪ್ರತಿ ನಾಬನ್ನೂ ನಿಧಾನಕ್ಕೆ ತಿರುಗಿಸಿ, ಕರಕರ ಸದ್ದು ಬರುತ್ತದಾ ಕೇಳಿ. ಪ್ಲಗ್ ಹಾಕಿ ಮೆಲ್ಲಗೆ ಅಲುಗಾಡಿಸಿ. ಸದ್ದು ಹೋಗಿ ಬಂದರೆ ಒಳಗೆ ಸಾಕೆಟ್‌ನ ಬೆಸುಗೆ ಬಿಟ್ಟಿರಬಹುದು.

ನನ್ನ ನೋಟ್‌ಬುಕ್ಕಿನಲ್ಲಿ ಸದ್ಯಕ್ಕೆ ಒಂದು ದೂರು ಎರಡು ಸಲ ಬಂದಿದೆ: ಬೇಸ್ ಸಿಂತ್‌ನ ಕಟಾಫ್ ನಾಬ್ (ಸದ್ದನ್ನು ಮೊಂಡು, ಚೂಪು ಮಾಡುವುದು) ಮಿಕ್ಸರಿನ ಕೇಬಲ್‌ಗಳ ಹಿಂದೆ ಮುಚ್ಚಿಹೋಗುತ್ತದೆ, ಕತ್ತಲಲ್ಲಿ ಬೆರಳಿಗೆ ಸಿಗುವುದಿಲ್ಲ. ಮೊನ್ನೆ ಮಿಕ್ಸರನ್ನು ಎಡಕ್ಕೆ ಸರಿಸಿ ನೋಡಿದ್ದೇನೆ. ಮೂರನೇ ಸಲ ಬರೆಯಬೇಕಾಗಿ ಬಂದರೆ ಓರೆಯಾಗಿ ನಿಲ್ಲುವ ಒಂದು ಸ್ಟ್ಯಾಂಡ್ ತರುತ್ತೇನೆ.