ಟೀಚರ್ ಬಗ್ಗೆ ಪುಸ್ತಕ ತರುವ ಮುನ್ನ

ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಮಾಡುವುದು ಈಗ ಊರೂರಲ್ಲೂ ನಡೆದಿದೆ. ಅದರ ಜೊತೆಗೆ ಅವರ ಬದುಕಿನ ಒಂದು ಚಿಕ್ಕ ಪುಸ್ತಕವನ್ನೂ ತರೋಣ ಎಂದು ಹೊರಟವರಿಗಾಗಿ ಈ ಟಿಪ್ಪಣಿ. ಇಂಥ ಪುಸ್ತಕಗಳು ಬಹುಪಾಲು ಕೆಡುವುದು ಒಂದೇ ಕಾರಣಕ್ಕೆ. ಮೂವತ್ತು ಜನರಿಂದ ಲೇಖನ ಕೇಳುತ್ತಾರೆ, ಮೂವತ್ತರಲ್ಲೂ ‘ಶಿಸ್ತಿನ ಸಿಪಾಯಿ, ಮಾತೃಹೃದಯಿ’ ಎಂದೇ ಬರುತ್ತದೆ. ಅವರು ಯಾವ ವರ್ಷ ಯಾವ ಊರಿನ ಶಾಲೆಯಲ್ಲಿದ್ದರು ಎಂದು ಹುಡುಕಿದರೆ ಸಿಗುವುದಿಲ್ಲ. ಹೊಗಳಿಕೆ ವೇದಿಕೆಗಿರಲಿ. ಪುಸ್ತಕಕ್ಕೆ ಬೇಕಾದದ್ದು ಊರು, ಇಸವಿ, ಮಾಡಿದ ಕೆಲಸ.

ಮೊದಲು ಕಾಗದ, ಆಮೇಲೆ ಮಾತು

ಟೀಚರ ಮನೆಯ ಟ್ರಂಕಿನಲ್ಲೋ ಬೀರುವಿನಲ್ಲೋ ಒಂದು ಕಾಗದದ ಕಟ್ಟು ಇದ್ದೇ ಇರುತ್ತದೆ. ನೇಮಕಾತಿ ಆದೇಶ, ವರ್ಗಾವಣೆ ಆದೇಶಗಳು, ಟಿಸಿಎಚ್ (ಶಿಕ್ಷಕರ ತರಬೇತಿ) ಪ್ರಮಾಣಪತ್ರ, ಪಿಂಚಣಿ ಪುಸ್ತಕ, ಅದೃಷ್ಟವಿದ್ದರೆ ಸೇವಾ ಪುಸ್ತಕದ ನಕಲು. ಸೇವಾ ಪುಸ್ತಕ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ: ಸೇರಿದ ದಿನ, ಪ್ರತಿ ವರ್ಗಾವಣೆ, ಇನ್‌ಕ್ರಿಮೆಂಟು, ಹೆರಿಗೆ ರಜೆ, ಮದುವೆಯ ನಂತರ ಬದಲಾದ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೊಂದು ವರ್ಷದಂತೆ ಹುಟ್ಟಿದ ವರ್ಷದಿಂದ ಇವತ್ತಿನವರೆಗೆ ಬರೆದಿಡಿ. ಗೊತ್ತಾದದ್ದೆಲ್ಲ ಆಯಾ ಪುಟಕ್ಕೆ ಹೋಗಲಿ. ಖಾಲಿ ಉಳಿದ ಪುಟಗಳೇ ಮುಂದೆ ಕೇಳಬೇಕಾದ ಪ್ರಶ್ನೆಗಳು.

ಜನ್ಮದಿನಾಂಕ ನೋಡಿದ ಕೂಡಲೇ ನಂಬಬೇಡಿ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಕೊಂಡದ್ದು ಆ ತಲೆಮಾರಿನಲ್ಲಿ ಮಾಮೂಲು. ಅಸಲಿ ವಯಸ್ಸು ಬೇಕಾದರೆ ಸಂವತ್ಸರ ಕೇಳಿ. ಜಾತಕ ಇಲ್ಲದಿದ್ದರೂ ಕೆಲವು ಮನೆಗಳಲ್ಲಿ ಅದು ಬಾಯಲ್ಲೇ ಇರುತ್ತದೆ. ಅರವತ್ತು ವರ್ಷಕ್ಕೆ ಅದೇ ಹೆಸರು ಮತ್ತೆ ಬರುವುದರಿಂದ ಲೆಕ್ಕ ಸುಲಭ: 1997ರ ಯುಗಾದಿಗೆ ಬಂದದ್ದು ಈಶ್ವರ, ಹಾಗಾಗಿ ಹಿಂದಿನ ಈಶ್ವರ 1937ರದ್ದು. ಆದರೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಈಶ್ವರ ಸಂವತ್ಸರದ ಪುಷ್ಯ ಮಾಸವೆಂದರೆ ಅದು 1938ರ ಜನವರಿ. ಇಲ್ಲೇ ಒಂದು ವರ್ಷ ತಪ್ಪುತ್ತದೆ.

ನಿವೃತ್ತಿಯ ದಿನವನ್ನು ದಾಖಲೆಯ ಜನ್ಮದಿನಾಂಕದಿಂದಲೇ ತಾಳೆ ನೋಡಬಹುದು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58 ಇದ್ದದ್ದು 60 ಆಗಿದ್ದು 2008ರಲ್ಲಿ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ದಾಖಲೆಯಲ್ಲಿ 1-6-1940 ಇದ್ದರೆ ನಿವೃತ್ತಿ 31-5-1998. ಬೇರೆ ತಾರೀಖು ಕಂಡರೆ ಸ್ವಯಂ ನಿವೃತ್ತಿಯೋ ಬರೆದವರ ತಪ್ಪೋ ವಿಚಾರಿಸಿ.

1956ರ ನವೆಂಬರ್ 1ಕ್ಕಿಂತ ಹಿಂದಿನ ಓದು ಮತ್ತು ನೌಕರಿಯ ಬಗ್ಗೆ ಎಚ್ಚರ. ಧಾರವಾಡ, ವಿಜಯಪುರದ ಕಡೆ ಆಗ ಮುಂಬಯಿ ಸರ್ಕಾರ, ಕಲಬುರಗಿಯಲ್ಲಿ ಹೈದರಾಬಾದ್, ಮಂಗಳೂರಿನಲ್ಲಿ ಮದ್ರಾಸು. ಆಗಿನ ಪರೀಕ್ಷೆಗಳಾದ ಮುಲ್ಕಿ ಪಾಸು ಎಂದರೂ ಎಲ್.ಎಸ್. (ಲೋಯರ್ ಸೆಕೆಂಡರಿ) ಪಾಸು ಎಂದರೂ ಈಗಿನ ಎಸ್ಸೆಸ್ಸೆಲ್ಸಿ ಅಲ್ಲ. ಆ ಹೆಸರುಗಳನ್ನು ಹಾಗೇ ಬರೆಯಿರಿ, ‘ಹತ್ತನೇ ತರಗತಿ’ ಎಂದು ತಿದ್ದಬೇಡಿ.

ಕೂತು ಕೇಳುವಾಗ

ಬೆಳಿಗ್ಗೆ ತಿಂಡಿಯಾದ ಮೇಲೆ, ಒಂದು ಸಲಕ್ಕೆ 45 ನಿಮಿಷ. ಒಂದು ಗಂಟೆ ದಾಟಿದರೆ ವಯಸ್ಸಾದವರು ದಣಿದು ‘ಎಲ್ಲ ಹಾಗೇ ಆಯ್ತಪ್ಪ’ ಎನ್ನತೊಡಗುತ್ತಾರೆ. ವಾರಕ್ಕೆ ಎರಡು ಸಲ ಕೂತರೆ ಒಂದೂವರೆ ತಿಂಗಳಿಗೆ ಸಾಕಷ್ಟು ಮಾತು ಸಿಗುತ್ತದೆ. ಧ್ವನಿಮುದ್ರಣಕ್ಕೆ ಮೊಬೈಲೇ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ನಡುವೆ ಕರೆ ಬಂದು ಮುದ್ರಣ ನಿಂತದ್ದು ಕೊನೆಗೇ ಗೊತ್ತಾಗುವುದು. ಮಡಿಸಿದ ಟವೆಲ್ ಮೇಲೆ, ಅವರಿಂದ ಒಂದು ಮೊಳ ದೂರದಲ್ಲಿಡಿ. ಫ್ಯಾನ್ ಆರಿಸಿ. ಕುಕ್ಕರ್ ಇಡುವ ಹೊತ್ತು ಯಾವುದೆಂದು ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಶುರುವಿಗೆ ತಾರೀಖು, ಸ್ಥಳ, ಯಾರ ಜೊತೆ ಮಾತು ಎಂದು ಬಾಯಲ್ಲೇ ಹೇಳಿ. ಅದೇ ರಾತ್ರಿ ಫೈಲನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಹಾಕಿ. ಒಂದು ಗಂಟೆಯ ಮಾತನ್ನು ಕೇಳಿ ಬರೆದಿಳಿಸಲು ಐದಾರು ಗಂಟೆ ಹಿಡಿಯುತ್ತದೆ, ಆದ್ದರಿಂದ ಬರೆಯುವ ಕೆಲಸವನ್ನು ಇಬ್ಬರು ಮೂವರು ಹಂಚಿಕೊಳ್ಳಿ.

‘ನಿಮ್ಮ ಸೇವೆಯ ಅನುಭವ ಹೇಳಿ ಟೀಚರ್’ ಎಂದರೆ ಬರುವುದು ಭಾಷಣ. ಕೇಳಬೇಕಾದ ಪ್ರಶ್ನೆ ಚಿಕ್ಕದಿರಲಿ. ಮನೆ ಬಿಡುತ್ತಿದ್ದದ್ದು ಎಷ್ಟು ಗಂಟೆಗೆ? ಬಸ್ಸು ಎಲ್ಲಿಯವರೆಗೆ, ಆಮೇಲೆ ನಡಿಗೆ ಎಷ್ಟು? ಮಗುವನ್ನು ಯಾರ ಹತ್ತಿರ ಬಿಟ್ಟು ಹೋಗುತ್ತಿದ್ದಿರಿ? ಶಾಲೆಯಲ್ಲಿ ಹೆಂಗಸರಿಗೆ ಕಕ್ಕಸು ಇತ್ತೆ? ಸಂಬಳ ಬಂದ ದಿನ ಯಾರ ಕೈಗೆ ಕೊಡುತ್ತಿದ್ದಿರಿ? ಈ ಕೊನೆಯ ಪ್ರಶ್ನೆಯೊಂದೇ ಒಂದು ಅಧ್ಯಾಯ ಕೊಟ್ಟೀತು. ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟು ಮತ್ತು ಹಾಲಿನ ಪುಡಿ, ಜನಗಣತಿ, ಚುನಾವಣಾ ಡ್ಯೂಟಿ, ಕುಟುಂಬ ಯೋಜನೆಗೆ ‘ಕೇಸು’ (ಆಪರೇಷನ್‌ಗೆ ಒಪ್ಪುವವರನ್ನು) ತರಬೇಕೆಂಬ ಒತ್ತಡ, ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳಿ.

ಮಕ್ಕಳು ಮೊಮ್ಮಕ್ಕಳು ಪಕ್ಕದಲ್ಲಿ ಕೂತರೆ ಅಮ್ಮನ ಬದಲು ಅವರೇ ಉತ್ತರ ಕೊಡುತ್ತಾರೆ. ಮೊದಲ ಎರಡು ಸಲವಾದರೂ ಅವರನ್ನು ನಯವಾಗಿ ಹೊರಗಿಡಿ.

ಇಸವಿ ನೆನಪಾಗದಿದ್ದರೆ ಒತ್ತಾಯ ಬೇಡ, ಗೂಟ ಕೊಡಿ. ಅಣೆ ಹೋಗಿ ನಯಾಪೈಸೆ ಬಂದಾಗ (1957) ನೀವು ಓದುತ್ತಿದ್ದಿರೋ ಕೆಲಸದಲ್ಲಿದ್ದಿರೋ? ಕೊಯ್ನಾ ಭೂಕಂಪದ ನಸುಕಿನಲ್ಲಿ (1967ರ ಡಿಸೆಂಬರ್ 11) ಯಾವ ಊರಲ್ಲಿದ್ದಿರಿ? ಎಪ್ಪತ್ತೆರಡರ ಬರ? ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973? ಹುಬ್ಬಳ್ಳಿ, ರಾಯಚೂರು ಸೀಮೆಯವರಿಗೆ 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣದಂಥ ಗೂಟ ಬೇರೆ ಇಲ್ಲ. ನಡುಮಧ್ಯಾಹ್ನ ದಾಟಿದ ಮೇಲೆ ಕತ್ತಲಾದದ್ದು ಯಾರಿಗೂ ಮರೆತಿರುವುದಿಲ್ಲ.

ನಿವೃತ್ತಿಯ ನಂತರದ್ದು

ಪುಸ್ತಕ ಸೋಲುವ ಜಾಗ ಇದು. ನೌಕರಿಗೆ ಸರ್ಕಾರದ ಕಾಗದವಿದೆ, ಆಮೇಲಿನ ಇಪ್ಪತ್ತೈದು ವರ್ಷಕ್ಕೆ ಇಲ್ಲ. ಟೀಚರನ್ನೇ ಕೇಳಿದರೆ ‘ನಾನೇನು ಮಾಡಿದೆ, ಸುಮ್ಮನೆ ಹೋಗಿ ಕೂತೆ’ ಎಂದು ಬಿಡುತ್ತಾರೆ. ಹಾಗಾಗಿ ಬೇರೆಯವರ ಪುಸ್ತಕಗಳಲ್ಲಿ ಹುಡುಕಬೇಕು: ಮಹಿಳಾ ಸಮಾಜದ ನಡಾವಳಿ, ಸ್ತ್ರೀಶಕ್ತಿ ಸಂಘದ ಉಳಿತಾಯದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ಪುಸ್ತಕ, ಶಾಲೆಯ ದತ್ತಿ ಬಹುಮಾನಗಳ ಪಟ್ಟಿ, ದೇವಸ್ಥಾನ ಸಮಿತಿಯ ರಸೀದಿ. ಎಷ್ಟೋ ಸಂಘಗಳಲ್ಲಿ ನಡಾವಳಿ ಬರೆಯುವ ಕೆಲಸ ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಟೀಚರಿಗೇ ಬಿದ್ದಿರುತ್ತದೆ, ಆದ್ದರಿಂದ ಕೈಬರಹ ಗುರುತಿಸಿಕೊಳ್ಳಿ. ಬ್ಯಾಂಕಿನ ಫಾರಂ ತುಂಬಿಸಿಕೊಳ್ಳಲು, ಮಗನಿಗೆ ಕಾಗದ ಬರೆಸಲು ಅವರ ಜಗುಲಿಗೆ ಬರುತ್ತಿದ್ದವರನ್ನೂ ಹುಡುಕಿ ಮಾತಾಡಿಸಿ.

ವಿದ್ಯಾರ್ಥಿಗಳಲ್ಲಿ ಡಾಕ್ಟರು ಎಂಜಿನಿಯರುಗಳನ್ನಷ್ಟೇ ಕೇಳಿದರೆ ಚಿತ್ರ ಅರೆಬರೆ. ನಾಲ್ಕನೆಯದಕ್ಕೇ ಶಾಲೆ ಬಿಟ್ಟವರನ್ನು, ಏಟು ತಿಂದವರನ್ನು, ದಲಿತ ಕೇರಿಯಿಂದ ಬರುತ್ತಿದ್ದವರನ್ನು ಕೇಳಿ. ಅವರನ್ನು ಎಲ್ಲಿ ಕೂರಿಸುತ್ತಿದ್ದರು, ನೀರು ಯಾರು ಕೊಡುತ್ತಿದ್ದರು? ಉತ್ತರ ಟೀಚರಿಗೆ ಅನುಕೂಲವಾಗಿಯೇ ಇರಬೇಕೆಂದಿಲ್ಲ.

ಫೋಟೋ

ಮಸುಕಾದ ಗ್ರೂಪ್ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಎ3 ಅಳತೆಗೆ ಪ್ರಿಂಟ್ ತೆಗೆದು, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಪ್ರತಿ ತಲೆಗೂ ಒಂದು ಸಂಖ್ಯೆ ಬರೆಯಿರಿ. ಹೆಸರಿನ ಪಟ್ಟಿ ಸಂಖ್ಯೆಗೆ ತಕ್ಕಂತೆ. ‘ಎಡದಿಂದ ಮೂರನೆಯವರು’ ಎಂಬುದು ಸಾಲು ವಕ್ರವಾದ ಕೂಡಲೇ ತಪ್ಪುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋ ಕೀಳಬೇಡಿ, ಎಮಲ್ಶನ್ (ಚಿತ್ರವಿರುವ ಪದರ) ಗಾಜಿಗೇ ಉಳಿಯುತ್ತದೆ. ಗಾಜಿನ ಸಮೇತ, ಓರೆ ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಮೂಲ ಫೋಟೋವನ್ನಾಗಲಿ ಸನ್ಮಾನಪತ್ರವನ್ನಾಗಲಿ ಲ್ಯಾಮಿನೇಟ್ ಮಾಡಿಸಬೇಡಿ. ಚಿತ್ರಗಳನ್ನು ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವಾದರೆ ಗುಣಮಟ್ಟ ಇಳಿದು ಅಚ್ಚಿನಲ್ಲಿ ಮುಖಗಳು ಕಲಸಿಹೋಗುತ್ತವೆ.

ಓದಿ ಹೇಳುವುದು, ಅಚ್ಚು

ಕರಡು ಮುಗಿದ ಮೇಲೆ ಟೀಚರಿಗೆ ಪೂರ್ತಿ ಓದಿ ಹೇಳಿ. ಕಣ್ಣು ಚೆನ್ನಾಗಿದ್ದರೆ 18 ಪಾಯಿಂಟ್ ಅಕ್ಷರದಲ್ಲಿ ಪ್ರಿಂಟ್ ಕೊಡಿ. ಕೆಂಪು ಪೆನ್ನನ್ನೂ ಕೊಡಿ, ಕಾಗುಣಿತ ಅವರೇ ತಿದ್ದುತ್ತಾರೆ. ‘ಇದು ಬೇಡ’ ಎಂದ ಸಾಲು ಎಷ್ಟೇ ರುಚಿಯಾಗಿದ್ದರೂ ತೆಗೆಯಿರಿ. ಪಿಂಚಣಿ ಸಂಖ್ಯೆ, ಆಧಾರ್, ಮನೆ ವಿಳಾಸ ಕಾಣುವ ದಾಖಲೆಯ ಚಿತ್ರ ಪುಸ್ತಕದಲ್ಲಿ ಇರಕೂಡದು.

ಡೆಮಿ ಒಂದು ಬೈ ಎಂಟರ (ಸಾಮಾನ್ಯ ಕಥೆ-ಕಾದಂಬರಿ ಪುಸ್ತಕದ) ಅಳತೆ, 64 ಪುಟ, ನಡುವೆ ಪಿನ್ ಹೊಡೆದ ಬೈಂಡಿಂಗ್ ಸಾಕು. ಪಿನ್ ಬೈಂಡಿಂಗಿಗೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ಇನ್ನೂರು ಪ್ರತಿಯೊಳಗೆ ಡಿಜಿಟಲ್ ಅಚ್ಚು, ಐನೂರು ದಾಟಿದರೆ ಆಫ್‌ಸೆಟ್ ಅಗ್ಗ. ಡಿಟಿಪಿ ಅಂಗಡಿಯವರು ನಿಮ್ಮ ಯೂನಿಕೋಡ್ ಪಠ್ಯವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸಿದರೆ ಅರ್ಕಾವತ್ತು ಜಾಗ ಬದಲಿಸುತ್ತದೆ, ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗುತ್ತವೆ, ಕೆಲವು ಒತ್ತಕ್ಷರ ಮಾಯವಾಗುತ್ತವೆ. ಪರಿವರ್ತನೆಯ ನಂತರ ಹೊಸದಾಗಿ ಕಾಗದದ ಮೇಲೆ ಪ್ರೂಫ್ ತೆಗೆಸಿಕೊಳ್ಳಿ. ಹೆಸರು ಮತ್ತು ಇಸವಿಗಳನ್ನು ಒಬ್ಬರು ನೋಟ್‌ಬುಕ್ಕಿನಿಂದ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನಲ್ಲಿ ಗುರುತು ಹಾಕುತ್ತ ಹೋಗಲಿ.