ಸುತ್ತು ಹೆಚ್ಚಿಸಿದರೆ ಬಲ ಹೆಚ್ಚದು: 24 ವೋಲ್ಟ್ ಮ್ಯಾಗ್ನೆಟ್ ಮಾಡಿದ ಬಗೆ

ಡ್ರಿಲ್ಲಿಂಗ್ ಫಿಕ್ಸ್ಚರ್‌ನಲ್ಲಿ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟನ್ನು ಕ್ಲ್ಯಾಂಪ್ ಇಲ್ಲದೆ ಹಿಡಿಯಲು 24 ವೋಲ್ಟ್ ಡಿಸಿಯಲ್ಲಿ ನಡೆಯುವ ದುಂಡನೆಯ ಎಲೆಕ್ಟ್ರೋಮ್ಯಾಗ್ನೆಟ್ (ತಂತಿಯ ಸುರುಳಿಯಲ್ಲಿ ಕರೆಂಟ್ ಹರಿಯುವಾಗ ಮಾತ್ರ ಹಿಡಿಯುವ ಮ್ಯಾಗ್ನೆಟ್) ಬೇಕಿತ್ತು. ನೇರ ಎಳೆತಕ್ಕೆ ಸುಮಾರು 100 ಕೆ.ಜಿ. ತಡೆಯಬೇಕು, ದಿನವಿಡೀ ಆನ್ ಇದ್ದರೂ ಸುಡಬಾರದು. ಅದನ್ನು ಮಾಡಿದ ಕ್ರಮ ಇದು.

ಇಂಥದ್ದನ್ನು ನೋಡಿದವರೆಲ್ಲ ಮೊದಲು ಕೇಳುವುದು ‘ಎಷ್ಟು ಸುತ್ತು?’ ಅಂತ. ಬಲ ಬರುವುದು ಆಂಪಿಯರ್-ಸುತ್ತಿನಿಂದ, ಅಂದರೆ ಕರೆಂಟ್ ಗುಣಿಸು ಸುತ್ತಿನ ಸಂಖ್ಯೆ. ವೋಲ್ಟೇಜ್ 24ಕ್ಕೆ ಕಟ್ಟಿಹಾಕಿದ ಮೇಲೆ ಸುತ್ತು ಎರಡರಷ್ಟು ಮಾಡಿದರೆ ತಂತಿಯ ಉದ್ದವೂ ಎರಡರಷ್ಟು, ರೆಸಿಸ್ಟೆನ್ಸೂ ಎರಡರಷ್ಟು, ಕರೆಂಟ್ ಅರ್ಧ. ಗುಣಿಸಿದರೆ ಮತ್ತೆ ಅದೇ ಅಂಕಿ. ಹಾಗಾಗಿ ಆಂಪಿಯರ್-ಸುತ್ತು ನಿಂತಿರುವುದು ಎರಡರ ಮೇಲೆ: ತಂತಿಯ ಗೇಜ್ (ದಪ್ಪದ ಅಂಕಿ, ಅಂಕಿ ಹೆಚ್ಚಿದಷ್ಟೂ ತಂತಿ ಸಣ್ಣ) ಮತ್ತು ಒಂದು ಸುತ್ತಿನ ಸರಾಸರಿ ಉದ್ದ. 24 ವೋಲ್ಟನ್ನು ಒಂದು ಸುತ್ತಿನ ರೆಸಿಸ್ಟೆನ್ಸ್‌ನಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಸುತ್ತು ಹೆಚ್ಚಿದಷ್ಟೂ ಕಡಿಮೆಯಾಗುವುದು ಬಿಸಿ ಮಾತ್ರ. ಇದು ತಲೆಗೆ ಹೋದರೆ ಮ್ಯಾಗ್ನೆಟ್ ಲೆಕ್ಕ ಅರ್ಧ ಮುಗಿದಂತೆ.

ಮ್ಯಾಗ್ನೆಟ್ಟಿನ ಬಾಡಿಗಾಗಿ 80 ಮಿ.ಮೀ. ಎಂ.ಎಸ್. ರೌಂಡ್ ಬಾರ್ ತೆಗೆದುಕೊಂಡು ಹೊರವ್ಯಾಸ 78ಕ್ಕೆ, ಎತ್ತರ 44ಕ್ಕೆ ಇಳಿಸಿದೆ. ಮುಖದಲ್ಲಿ 32 ಮಿ.ಮೀ. ಆಳದ ಗ್ರೂವ್: ಒಳಗೆ 36 ವ್ಯಾಸದ ನಡುಗಂಬ ಉಳಿಯುತ್ತದೆ, ಗ್ರೂವ್‌ನ ಹೊರ ಅಂಚು 68. ನಡುಗಂಬದ ಅಡ್ಡಕೊಯ್ತ ಸುಮಾರು 10.2 ಚದರ ಸೆಂ.ಮೀ., ಹೊರ ಬಳೆಯದ್ದು 11.5. ಗಂಬದಲ್ಲಿ ಹೋದ ಫ್ಲಕ್ಸ್ (ಕಾಂತದ ಹರಿವು) ಬಳೆಯಲ್ಲಿ ಹಿಂದಿರುಗಬೇಕಾದ್ದರಿಂದ ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಹಿಂಬದಿಯ ದಪ್ಪಕ್ಕೆ ನಿಯಮ ಸರಳ: ನಡುಗಂಬದ ವ್ಯಾಸದ ಕಾಲು ಭಾಗಕ್ಕಿಂತ ಕಡಿಮೆ ಇರಕೂಡದು. ಇಲ್ಲಿ 9 ಸಾಕು, 12 ಬಿಟ್ಟಿದ್ದೇನೆ.

ಕಬ್ಬಿಣದ ವಿಷಯದಲ್ಲಿ ಜಿಪುಣತನ ಬೇಡ, ‘ಒಳ್ಳೆ ಸ್ಟೀಲ್’ ಎಂಬ ಆಸೆಯೂ ಬೇಡ. ಇಎನ್8, ಇಎನ್24 ಗಟ್ಟಿ ಇರಬಹುದು, ಆದರೆ ಕಾರ್ಬನ್ ಹೆಚ್ಚಾದಷ್ಟೂ ಸ್ವಿಚ್ ಆಫ್ ಮಾಡಿದ ಮೇಲೂ ಕಾಂತತ್ವ ಉಳಿದು ಪ್ಲೇಟ್ ಬಿಡುವುದಿಲ್ಲ. ಕಡಿಮೆ ಕಾರ್ಬನ್ನಿನ ಮೆತ್ತನೆಯ ಕಬ್ಬಿಣವೇ ಸರಿ. ರಫ್ ಟರ್ನಿಂಗ್ ಆದ ಮೇಲೆ ಅನೀಲ್ ಮಾಡಿಸಿ, ಅಂದರೆ ಚೆನ್ನಾಗಿ ಕಾಯಿಸಿ, ಫರ್ನೇಸ್‌ನಲ್ಲೇ ನಿಧಾನ ತಣ್ಣಗಾಗಲು ಬಿಟ್ಟರೆ ಇನ್ನೂ ವಾಸಿ.

ಬಾಬಿನ್ (ತಂತಿ ಸುತ್ತುವ ಉರುಳೆ) ನೈಲಾನ್ ರಾಡಿನಿಂದ, ಗೋಡೆ 1.5 ಮಿ.ಮೀ. ಮೇಲ್ಗಡೆ ರೆಸಿನ್‌ಗೆ 3 ಮಿ.ಮೀ. ಬಿಟ್ಟರೆ ತಂತಿಗೆ ಉಳಿಯುವ ಜಾಗ 13 ಗುಣಿಸು 26 ಮಿ.ಮೀ. ಸುತ್ತಿನ ಸರಾಸರಿ ವ್ಯಾಸ 53, ಅಂದರೆ ಒಂದು ಸುತ್ತಿಗೆ 166 ಮಿ.ಮೀ. ತಂತಿ. ಈಗ ಗೇಜ್ ಹಾಕಿ ನೋಡಬೇಕು. 26 ಗೇಜ್‌ನಲ್ಲಿ ಸುಮಾರು 1,380 ಆಂಪಿಯರ್-ಸುತ್ತು ಬರುತ್ತದೆ, ಕೇಳಲು ಚೆಂದ. ಆದರೆ ಈ ಜಾಗದಲ್ಲಿ 1,150 ಸುತ್ತಷ್ಟೇ ಹಿಡಿಯುವುದರಿಂದ 1.2 ಆಂಪಿಯರ್ ಎಳೆದು 29 ವಾಟ್ ಸುಡುತ್ತದೆ. ಇಷ್ಟು ಚಿಕ್ಕ ಬಾಡಿ ಅದನ್ನು ಹೊರಗೆ ಹಾಕಲಾರದು. 28 ಗೇಜ್‌ಗೆ 14 ವಾಟ್, ಆಗಾಗ ಆಫ್ ಮಾಡುವ ಕೆಲಸಕ್ಕೆ ನಡೆದೀತು. 30 ಗೇಜ್‌ಗೆ (0.315 ಮಿ.ಮೀ.) 655 ಆಂಪಿಯರ್-ಸುತ್ತು, ಸುಮಾರು 2,270 ಸುತ್ತು, 83 ಓಮ್, 0.29 ಆಂಪಿಯರ್, 7 ವಾಟ್. ಇದನ್ನೇ ಆರಿಸಿದೆ. ಎನಾಮೆಲ್ ತಂತಿ (ಇನ್ಸುಲೇಷನ್ ಲೇಪವಿರುವ ತಾಮ್ರದ ತಂತಿ) 300 ಗ್ರಾಂ ತಂದರೆ ಸ್ವಲ್ಪ ಮಿಗುತ್ತದೆ.

655 ಸಾಕೇ? ಮುಖಕ್ಕೂ ಪ್ಲೇಟಿಗೂ ನಡುವಿನ ಗ್ಯಾಪಿನಲ್ಲಿ 1.2 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಅಳತೆ) ನಿಲ್ಲಿಸಲು ಪ್ರತಿ 0.1 ಮಿ.ಮೀ. ಗಾಳಿಗೆ ಸುಮಾರು 95 ಆಂಪಿಯರ್-ಸುತ್ತು ಬೇಕು. ಪ್ಲೇಟ್ ಕೂತ ಕಡೆ ಗಂಬದಲ್ಲೊಂದು, ಬಳೆಯಲ್ಲೊಂದು, ಹೀಗೆ ಎರಡು ಗ್ಯಾಪ್. ಗ್ರೈಂಡ್ ಮಾಡಿದ ಮುಖಕ್ಕೆ ಪ್ಲೇಟ್ ಸರಿಯಾಗಿ ಕೂತರೆ ಇವಕ್ಕೂ ಕಬ್ಬಿಣಕ್ಕೂ ಸೇರಿ ಧಾರಾಳ ಸಾಕು. 1.2 ಟೆಸ್ಲಾಗೆ ಪ್ರತಿ ಚದರ ಸೆಂ.ಮೀ.ಗೆ 5.8 ಕೆ.ಜಿ. ಎಳೆತ, ಗಂಬ, ಬಳೆ ಎರಡೂ ಕೂಡಿ 110 ಕೆ.ಜಿ. ಹತ್ತಿರ. ಅದೇ ಗ್ಯಾಪ್ 1 ಮಿ.ಮೀ. ಆದರೆ ಫೀಲ್ಡ್ 0.4 ಟೆಸ್ಲಾದ ಆಸುಪಾಸಿಗೆ ಇಳಿಯುತ್ತದೆ, ಬಲ ಅದರ ವರ್ಗಕ್ಕೆ ತಕ್ಕಂತೆ ಬೀಳುತ್ತದೆ: 110 ಇದ್ದದ್ದು 12 ಕೆ.ಜಿ. ದಪ್ಪ ಪೇಂಟ್, ತುಕ್ಕಿನ ಪದರ, ಸಿಕ್ಕಿಕೊಂಡ ಒಂದೇ ಒಂದು ಡ್ರಿಲ್ ಚೂರು, ಇಷ್ಟು ಸಾಕು ಮ್ಯಾಗ್ನೆಟ್ ‘ವೀಕ್’ ಆಗಲು. ದೂರು ಬಂದಾಗ ಕಾಯಿಲ್ ಬಿಚ್ಚುವ ಮೊದಲು ಮುಖ ಒರೆಸಿ ನೋಡಿ.

ಪ್ಲೇಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಅದೂ ಸರ್ಕ್ಯೂಟಿನ ಒಂದು ಭಾಗವೇ, ಹಾಗಾಗಿ ಅದಕ್ಕೂ 9 ಮಿ.ಮೀ. ಬೇಕು. 3 ಮಿ.ಮೀ. ಪ್ಲೇಟ್ ಇಟ್ಟರೆ ಅದು ಸ್ಯಾಚುರೇಟ್ ಆಗಿ (ಇನ್ನಷ್ಟು ಫ್ಲಕ್ಸ್ ಹಿಡಿಸಲಾರದೆ) ಅರ್ಧ ಫ್ಲಕ್ಸ್ ಮಾತ್ರ ಹಾಯುತ್ತದೆ, ಹಿಡಿತ ಕಾಲು ಭಾಗ. ಪಕ್ಕಕ್ಕೆ ಜಾರುವುದನ್ನು ತಡೆಯುವುದು ಬರೀ ಘರ್ಷಣೆ, ಎಣ್ಣೆ ಸೋಕಿದ ಮುಖದಲ್ಲಿ ನೇರ ಎಳೆತದ ಐದನೇ ಒಂದು ಭಾಗವೂ ಸಿಗದಿರಬಹುದು. ಡ್ರಿಲ್ ಪ್ಲೇಟನ್ನು ತಿರುಗಿಸಲು ನೋಡುತ್ತದೆ, ಆದ್ದರಿಂದ ಎರಡು ಸ್ಟಾಪರ್ ಪಿನ್ ಕೊಡಲೇಬೇಕು.

ಸುತ್ತುವುದು ಲೇತ್‌ನಲ್ಲಿ, ಇರುವ ಅತಿ ಕಡಿಮೆ ಸ್ಪೀಡಿನಲ್ಲಿ. ಎಣಿಕೆಗೆ ಹಳೆಯ ಕ್ಯಾಲ್ಕುಲೇಟರ್: ‘=’ ಕೀಗೆ ಸಮಾನಾಂತರವಾಗಿ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದಾಗ ಕೂಡುವ ಸ್ವಿಚ್) ಬೆಸೆದು, ಚಕ್‌ಗೆ ಒಂದು ಪುಟ್ಟ ಮ್ಯಾಗ್ನೆಟ್ ಅಂಟಿಸಿ, 1 + 1 ಒತ್ತಿ ಬಿಟ್ಟರೆ ಪ್ರತಿ ಸುತ್ತಿಗೆ ಒಂದೊಂದು ಏರುತ್ತದೆ (ಎಲ್ಲ ಕ್ಯಾಲ್ಕುಲೇಟರೂ ಹೀಗೆ ಏರಿಸುವುದಿಲ್ಲ, ಮೊದಲು ಕೈಯಲ್ಲಿ ಒತ್ತಿ ನೋಡಿಕೊಳ್ಳಿ). ತಂತಿಯನ್ನು ಫೆಲ್ಟ್ ತುಂಡಿನ ನಡುವೆ ಹಾಯಿಸಿ ಬಿಗಿ ಕೊಡಿ. ಬಿಗಿ ಜಾಸ್ತಿಯಾದರೆ ತಂತಿ ಎಳೆದು ಸಣ್ಣಗಾಗಿ ರೆಸಿಸ್ಟೆನ್ಸ್ ಏರುತ್ತದೆ. ಎಂಟು-ಹತ್ತು ಪದರಕ್ಕೊಮ್ಮೆ ತೆಳುವಾದ ಪಾಲಿಯೆಸ್ಟರ್ ಫಿಲ್ಮ್ ಸುತ್ತಿದರೆ ಪದರ ಕುಸಿಯುವುದಿಲ್ಲ.

ಕೆಡುವುದು ಹೆಚ್ಚಾಗಿ ಆರಂಭದ ತುದಿ. ಅದು ಬಾಬಿನ್ನಿನ ತಳದಿಂದ ಹೊರಟು ಎಲ್ಲ ಪದರಗಳ ಪಕ್ಕದಲ್ಲೇ ಮೇಲೆ ಬರಬೇಕು. ಅಲ್ಲಿ ಎನಾಮೆಲ್ ಉಜ್ಜಿಹೋದರೆ ನಡುವಿನ ನೂರಾರು ಸುತ್ತು ಶಾರ್ಟ್. ಆದ್ದರಿಂದ ಎನಾಮೆಲ್ ಕೆರೆದು, ಮೃದುವಾದ ಬಹು ಎಳೆಯ ವೈರ್ ಬೆಸೆದು, ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ, ಫ್ಲಾಂಜ್‌ನಲ್ಲಿ ಕೊರೆದ ಕಾಲುವೆಯಲ್ಲಿ ಕೂರಿಸಿ ಮೇಲೆ ಒಂದು ತುಂಡು ಲೆದರಾಯ್ಡ್ ಪೇಪರ್ (ಇನ್ಸುಲೇಷನ್ ಕಾಗದ) ಇಡುತ್ತೇನೆ. ಸುತ್ತಿ ಮುಗಿದ ಮೇಲೆ ಇದನ್ನು ರಿಪೇರಿ ಮಾಡಲಾಗದು.

ಸುತ್ತಿದ ಕಾಯಿಲ್ ನಮ್ಮ 27 ಡಿಗ್ರಿಯಲ್ಲಿ 85 ಓಮ್ ತೋರಿಸಬೇಕು (ಮೇಲಿನ 83 ಓಮ್ 20 ಡಿಗ್ರಿಯ ಲೆಕ್ಕ). 75ಕ್ಕಿಂತ ಕೆಳಗಿದ್ದು ಎಣಿಕೆ ಸರಿಯಿದ್ದರೆ ಎಲ್ಲೋ ಶಾರ್ಟ್ ಇದೆ. ವಾರ್ನಿಷ್ ಹಾಕಿ ಒಣಗಿಸಿ, ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಿಂದ ಬಾಡಿಗೂ ಕಾಯಿಲ್‌ಗೂ ನಡುವೆ ಪರೀಕ್ಷಿಸಿ, ಆಮೇಲೆ ಎಪಾಕ್ಸಿ ಸುರಿಯಬೇಕು, ಅದೂ ಎರಡು ಕಂತಿನಲ್ಲಿ. ಒಮ್ಮೆಗೇ ಸುರಿದರೆ ಅದರದೇ ಬಿಸಿಗೆ ಬಿರುಕು ಬಿಡುತ್ತದೆ. ಸರ್ಫೇಸ್ ಗ್ರೈಂಡಿಂಗ್ ಕೊನೆಯ ಕೆಲಸ. ಗಂಬ ಮತ್ತು ಬಳೆ ಒಂದೇ ಮಟ್ಟಕ್ಕೆ ಬಂದರೆ ಮಾತ್ರ ಮೇಲಿನ ಲೆಕ್ಕಕ್ಕೆ ಅರ್ಥ.

ಒಳಗಿನ ಬಿಸಿ ತಿಳಿಯಲು ಥರ್ಮಾಮೀಟರ್ ಬೇಡ, ತಾಮ್ರವೇ ಹೇಳುತ್ತದೆ. ಎರಡು ಮೂರು ಗಂಟೆ ಓಡಿಸಿ, ಆಫ್ ಮಾಡಿದ ಕೂಡಲೇ ಓಮ್ ಅಳೆಯಿರಿ. 85 ಇದ್ದದ್ದು 100 ಆಗಿದ್ದರೆ 100 ಭಾಗಿಸು 85, ಗುಣಿಸು (234.5 + 27), ಕಳೆ 234.5: ಸುಮಾರು 73 ಡಿಗ್ರಿ. ಆ ಹೊತ್ತಿಗೆ ಆಂಪಿಯರ್-ಸುತ್ತೂ 15 ಶೇಕಡಾ ಇಳಿದಿರುತ್ತದೆ. ಹಾಗಾಗಿ ಹಿಡಿತದ ಪರೀಕ್ಷೆ ಬಿಸಿಯಲ್ಲೇ ಮಾಡಬೇಕು, ಬೆಳಗಿನ ತಣ್ಣನೆಯ ಕಾಯಿಲ್‌ನಲ್ಲಿ ಅಲ್ಲ.

ಆಫ್ ಮಾಡುವಾಗ ಕಾಯಿಲ್ ತನ್ನಲ್ಲಿದ್ದ ಶಕ್ತಿಯನ್ನು ರಿಲೇ ಕಾಂಟ್ಯಾಕ್ಟ್ ಮೇಲೆ ಕಿಡಿಯಾಗಿ ಕಾರುತ್ತದೆ. ಅದಕ್ಕೆ 1ಎನ್4007 ಡಯೋಡನ್ನು ಕಾಯಿಲ್‌ಗೆ ಅಡ್ಡಲಾಗಿ, ಪಟ್ಟಿಯಿರುವ ತುದಿ ಪ್ಲಸ್‌ಗೆ ಬರುವಂತೆ ಹಾಕುವುದು ರೂಢಿ. ಆದರೆ ಬರೀ ಡಯೋಡ್ ಇದ್ದರೆ ಕರೆಂಟ್ ಒಳಗೇ ಸುತ್ತಾಡುತ್ತಾ ಪ್ಲೇಟ್ ಬಿಡುವುದು ತಡವಾಗುತ್ತದೆ. ಡಯೋಡ್‌ಗೆ ಸರಣಿಯಲ್ಲಿ 220 ಓಮ್, 5 ವಾಟ್ ರೆಸಿಸ್ಟರ್ ಸೇರಿಸಿದರೆ ಕರೆಂಟ್ ಮೂರು-ನಾಲ್ಕು ಪಟ್ಟು ಬೇಗ ಇಳಿಯುತ್ತದೆ. ಆ ಕ್ಷಣ ಕಾಂಟ್ಯಾಕ್ಟ್‌ಗೆ ಬೀಳುವುದು 90 ವೋಲ್ಟ್ ಹತ್ತಿರ. ರಿಲೇ ತಡೆಯುತ್ತದೆ, 60 ವೋಲ್ಟಿನ ಮಾಸ್ಫೆಟ್ (ರಿಲೇ ಬದಲು ಹಾಕುವ ಎಲೆಕ್ಟ್ರಾನಿಕ್ ಸ್ವಿಚ್) ತಡೆಯದು.

ಇಷ್ಟಾದರೂ ಪ್ಲೇಟ್ ಅಂಟಿಕೊಂಡೇ ಇದ್ದರೆ ಮುಖಕ್ಕೆ 0.1 ಮಿ.ಮೀ. ಹಿತ್ತಾಳೆ ಶಿಮ್ (ತೆಳು ಹಾಳೆ) ಹಾಕಬಹುದು, ಹಿಡಿತ ತುಸು ಕಡಿಮೆಯಾಗುತ್ತದೆ. ಇಲ್ಲವೇ ಚೇಂಜ್‌ಓವರ್ ರಿಲೇಯಿಂದ ಕ್ಷಣಕಾಲ ಸಣ್ಣ ಕರೆಂಟನ್ನು ತಿರುವುಮುರುವು ಕೊಡಬಹುದು. ಪೂರ್ತಿ ಕರೆಂಟ್ ಕೊಟ್ಟರೆ ಉಲ್ಟಾ ದಿಕ್ಕಿನಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ. ಇನ್ನು, ಕರೆಂಟ್ ಹೋದರೆ ಹಿಡಿತವೂ ಹೋಯಿತು. ತಲೆಯ ಮೇಲೆ ಭಾರ ಎತ್ತಲು ಇದನ್ನು ಬಳಸಬೇಡಿ.