ಥೀಮ್ ಪಾರ್ಕ್ ಪ್ರವಾಸದಲ್ಲಿ ಹೆಜ್ಜೆ ಮತ್ತು ಕ್ಯಾಲೊರಿಗಳ ಲೆಕ್ಕ

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ, ಬಿಡದಿಯ ಬಳಿ ಇರುವ ವಂಡರ್‌ಲಾಗೆ ಹೋಗುವವರು ಅಲ್ಲಿ ತಾವು ನಡೆದದ್ದೆಷ್ಟು ಎಂದು ತಿಳಿಯಬಯಸಿದರೆ, ಹಿಂದಿನ ರಾತ್ರಿಯೇ ಹೆಜ್ಜೆ ಎಣಿಸುವ ಸ್ಮಾರ್ಟ್‌ವಾಚಿನ ಆ್ಯಪ್‌ನಲ್ಲಿ ತಮ್ಮ ಎತ್ತರ, ತೂಕ, ವಯಸ್ಸುಗಳನ್ನು ಸರಿಯಾಗಿ ತುಂಬಿರಬೇಕು. ಬಳಿಕ ಮನೆಯ ಮುಂದಿನ ರಸ್ತೆಯಲ್ಲಿ ನೂರು ಹೆಜ್ಜೆಗಳನ್ನು ಬಾಯಿಯಲ್ಲಿ ಎಣಿಸುತ್ತಾ ನಡೆದು, ವಾಚು ತೋರಿಸುವ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ.

ಪಾರ್ಕಿನ ಗೇಟಿನಲ್ಲಿ ವಾಚು ತೋರಿಸುವ ಹೆಜ್ಜೆಗಳ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸಂಜೆ ಹೊರಬರುವಾಗಿನ ಸಂಖ್ಯೆಯಿಂದ ಅದನ್ನು ಕಳೆಯಿರಿ. ವಾಚು ಕೈಯ ಬೀಸಾಟದಿಂದ ಹೆಜ್ಜೆಯನ್ನು ಗುರುತಿಸುವುದರಿಂದ, ಮಗುವನ್ನು ಎತ್ತಿಕೊಂಡು ನಡೆದಾಗ ಎಣಿಕೆ ತಗ್ಗುತ್ತದೆ, ರೋಲರ್ ಕೋಸ್ಟರಿನ ಕುಲುಕಾಟದಲ್ಲಿ ಇಲ್ಲದ ಹೆಜ್ಜೆಗಳೂ ಸೇರಬಹುದು. ಅಂತಹ ಸಮಯದಲ್ಲಿ ಪ್ಯಾಂಟಿನ ಜೇಬಿನಲ್ಲಿರುವ ಫೋನೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಆದರೆ ನೀರಿನ ಆಟಗಳಿಗೆ ಇಳಿಯುವಾಗ ಫೋನು ಲಾಕರಿನಲ್ಲಿ ಉಳಿಯುವುದರಿಂದ, ಆ ಅವಧಿಯನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಬೇಕು.

ಕ್ಯಾಲೊರಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸಾಧಾರಣ ವೇಗದ ನಡಿಗೆಗೆ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು 3.5 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 210. ಇದರಲ್ಲಿ 60 ಕಿಲೋಕ್ಯಾಲೊರಿಯಷ್ಟು ಸುಮ್ಮನೆ ಕುಳಿತಿದ್ದರೂ ಖರ್ಚಾಗುವಂಥದ್ದಾದ್ದರಿಂದ, ನಡಿಗೆಯಿಂದ ಹೆಚ್ಚುವರಿಯಾಗಿ ಕರಗಿದ್ದು 150 ಮಾತ್ರ. ಆದ್ದರಿಂದ ಆ್ಯಪ್‌ನಲ್ಲಿ ಒಟ್ಟು ಕ್ಯಾಲೊರಿಯನ್ನಲ್ಲ, ‘ಆ್ಯಕ್ಟಿವ್’ ಎಂದು ತೋರಿಸುವ ಅಂಕಿಯನ್ನು ದಿನಚರಿಗೆ ಬರೆದುಕೊಳ್ಳಿ. ಸರದಿಯಲ್ಲಿ ನಿಂತ ಗಂಟೆಗಳನ್ನು ನಡಿಗೆಯ ಲೆಕ್ಕಕ್ಕೆ ಸೇರಿಸಬೇಡಿ.